ಆತ್ಮಹತ್ಯೆ ತಡೆಗೆ ಊರಿನ ಸ್ವಯಂಸೇವಕರು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸ್ತ್ರೀಶಕ್ತಿ ಸಂಘದ ಸಭೆಯಿರಲಿ, ಹಾಲಿನ ಡೇರಿಯ ಜಗಲಿಯಿರಲಿ, ಕಾಲೇಜಿನ ಸ್ಟಾಫ್ ರೂಮಿರಲಿ, ಈ ವಿಷಯ ಎತ್ತಿದಾಗ ಜನ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. ಕೆಲವರು ಎದುರಿಗೆ ಕೇಳಿದ್ದಾರೆ, ಕೆಲವರು ಪತ್ರ ಬರೆದಿದ್ದಾರೆ, ಇನ್ನು ಕೆಲವರು ಸಭೆ ಮುಗಿದ ಮೇಲೆ ಹಿಂದೆ ಉಳಿದು ಮೆಲ್ಲಗೆ ಕೇಳಿದ್ದಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಇಟ್ಟಿದ್ದೇನೆ.

ಇದನ್ನು ಓದುತ್ತಿರುವ ನಿಮಗೇ ಬದುಕು ಭಾರವಾಗಿದ್ದರೆ, ಉಳಿದದ್ದನ್ನು ಆಮೇಲೆ ಓದಿದರಾಯಿತು. ಈಗಲೇ 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಪ್ರಾಣಕ್ಕೆ ಅಪಾಯ ಎದುರಿಗೇ ಇದ್ದರೆ 112 ಅಥವಾ 108.

## ಆರಂಭದಲ್ಲಿ ಕೇಳುವವು

ನಾನು ಓದಿರೋದು ಎಸ್ಸೆಸ್ಸೆಲ್ಸಿ. ಡಾಕ್ಟರೂ ಅಲ್ಲ, ಟೀಚರೂ ಅಲ್ಲ. ನನ್ನಂಥವರಿಂದ ಏನಾಗುತ್ತೆ?

ಚಿಕಿತ್ಸೆ ಕೊಡುವುದು ವೈದ್ಯರ ಕೆಲಸ, ಅದನ್ನು ನಿಮ್ಮಿಂದ ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಮೂರು ದಿನದಿಂದ ಡೇರಿಗೆ ಹಾಲು ಹಾಕಲು ಬಾರದ ಮನುಷ್ಯನ ಮುಖ ವೈದ್ಯರಿಗೆ ಕಾಣುವುದಿಲ್ಲ. ಅದು ಕಾಣುವುದು ಡೇರಿಯಲ್ಲಿ ಕೂತು ಹಾಲು ಅಳೆಯುವವರಿಗೆ. ನೊಂದವರು ತಾವಾಗಿಯೇ ಮನೋವೈದ್ಯರ ಬಳಿಗೆ ಹೋಗುವುದು ಕಡಿಮೆ. ಅವರು ದಿನವೂ ಎದುರಾಗುವುದು ಅಂಗಡಿಯವರಿಗೆ, ಆಶಾ ಕಾರ್ಯಕರ್ತೆಗೆ, ಬಸ್ ಕಂಡಕ್ಟರಿಗೆ, ಗೊಬ್ಬರದಂಗಡಿಯವರಿಗೆ, ಪೂಜಾರರಿಗೆ, ಪಾದ್ರಿಗೆ, ಮೌಲ್ವಿಗೆ. ಗುರುತಿಸುವುದು, ಕೇಳುವುದು, ಜೊತೆಗಿದ್ದು ನೆರವು ಸಿಗುವಲ್ಲಿಗೆ ಮುಟ್ಟಿಸುವುದು, ಆಮೇಲೆ ಇನ್ನೊಮ್ಮೆ ಹೋಗಿ ನೋಡುವುದು: ಈ ಕೆಲಸಕ್ಕೆ ಬೇಕಾದ್ದು ತಾಳ್ಮೆ ಮತ್ತು ಒಂದಿಷ್ಟು ಅಭ್ಯಾಸ, ಮಾರ್ಕ್ಸ್‌ಕಾರ್ಡ್ ಅಲ್ಲ. ನಾನು ಕಂಡ ಅತ್ಯುತ್ತಮ ಸ್ವಯಂಸೇವಕಿಯೊಬ್ಬರು ಅಂಗನವಾಡಿ ಸಹಾಯಕಿ.

ಇದು ಸಾಲ ಮಾಡಿದ ರೈತರ ಸಮಸ್ಯೆ ಅಲ್ವಾ? ನಮ್ಮಂಥ ಮನೆಗಳಿಗೂ ಬರುತ್ತಾ?

ಬರುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ ರೈತರು ಮತ್ತು ಕೃಷಿ ಕಾರ್ಮಿಕರು ಸೇರಿ 11,290. ಅದು ಸಣ್ಣ ಸಂಖ್ಯೆಯೇನೂ ಅಲ್ಲ, ಆದರೆ ಒಟ್ಟು ಲೆಕ್ಕದಲ್ಲಿ ಬಹುಪಾಲು ಉಳಿದವರದೇ: ದಿನಗೂಲಿಯವರು, ಗೃಹಿಣಿಯರು, ವ್ಯಾಪಾರಸ್ಥರು, ಸಂಬಳದವರು, ಜೊತೆಗೆ 13,044 ವಿದ್ಯಾರ್ಥಿಗಳು. ಹತ್ತರಲ್ಲಿ ಏಳು ಮಂದಿ ಗಂಡಸರು. ಅದೇ ವರ್ಷ ಕರ್ನಾಟಕದಲ್ಲಿ 13,606 ಮಂದಿ, ಅಂದರೆ ದಿನಕ್ಕೆ ಸುಮಾರು 37 ಜನ. ಕಾರಣಗಳ ಪಟ್ಟಿಯಲ್ಲಿ ಮೊದಲು ಬರುವುದು ಕೌಟುಂಬಿಕ ಸಮಸ್ಯೆ, ನಂತರ ಕಾಯಿಲೆ, ಅವೆರಡೇ ಅರ್ಧದಷ್ಟಾಗುತ್ತವೆ. ಆದರೂ ಪೊಲೀಸ್ ದಾಖಲೆ ಒಂದು ಸಾವಿಗೆ ಒಂದೇ ಕಾರಣ ಬರೆದುಕೊಳ್ಳುತ್ತದೆ, ಮನುಷ್ಯನ ಮನಸ್ಸಿನಲ್ಲಿ ಕಾರಣಗಳು ಒಂಟಿಯಾಗಿ ಇರುವುದಿಲ್ಲ. ಆಲೂಗಡ್ಡೆಗೆ ಅಂಗಮಾರಿ ಬಿದ್ದದ್ದು, ಅದೇ ತಿಂಗಳು ಮಗಳ ಸಂಬಂಧ ಮುರಿದದ್ದು, ಮೊದಲಿಂದಲೂ ಇದ್ದ ಕುಡಿತ, ಯಾರಿಗೂ ಹೇಳಿಕೊಳ್ಳದ ಖಿನ್ನತೆ ಎಲ್ಲವೂ ಒಂದೇ ಮನೆಯಲ್ಲಿ ಗಂಟುಬಿದ್ದಿರುತ್ತವೆ. ಆ ಗಂಟಿನಲ್ಲಿ ಒಂದೆಳೆ ಸಡಿಲವಾದರೂ ಉಸಿರಾಡಲು ಜಾಗ ಸಿಗುತ್ತದೆ ಎಂಬ ನಂಬಿಕೆಯ ಮೇಲೆಯೇ ನಮ್ಮ ಕೆಲಸ ನಿಂತಿದೆ.

ಸಾಯ್ತೀನಿ ಸಾಯ್ತೀನಿ ಅನ್ನೋರು ಸಾಯಲ್ಲ ಅಂತಾರಲ್ಲ?

ತಪ್ಪು. ತೀರಿಕೊಂಡವರಲ್ಲಿ ಅನೇಕರು ಮೊದಲೇ ಯಾರ ಬಳಿಯಾದರೂ ಒಂದಲ್ಲ ಒಂದು ರೀತಿಯಲ್ಲಿ ಹೇಳಿರುತ್ತಾರೆ. "ನಾನಿಲ್ದಿದ್ರೆ ನಿಮಗೆಲ್ಲ ನೆಮ್ಮದಿ", "ಇನ್ನು ಜಾಸ್ತಿ ದಿನ ಇಲ್ಲ ಬಿಡು", "ಮಕ್ಕಳನ್ನ ನೋಡ್ಕೋ" ಎಂಬಂಥ ಮಾತುಗಳನ್ನು ಬೇಸರದ ಮಾತೆಂದು ತಳ್ಳಿಹಾಕಬೇಡಿ. ಹಿಂದೆ ಒಮ್ಮೆ ಪ್ರಯತ್ನಿಸಿದವರಿಗೆ ಅಪಾಯ ಉಳಿದವರಿಗಿಂತ ಬಹಳ ಹೆಚ್ಚು. ಬಹಳ ದಿನ ಕುಗ್ಗಿದ್ದವರು ಕಾರಣವಿಲ್ಲದೆ ಇದ್ದಕ್ಕಿದ್ದಂತೆ ಶಾಂತರಾಗಿ, ಸಾಲಸೋಲ ತೀರಿಸಿ, ತಮ್ಮ ವಸ್ತುಗಳನ್ನು ಒಬ್ಬೊಬ್ಬರಿಗೆ ಕೊಡತೊಡಗಿದರೆ ಅದನ್ನು ಚೇತರಿಕೆ ಎಂದು ಭಾವಿಸದೆ ಆ ದಿನವೇ ಹೋಗಿ ಕೂತು ಮಾತನಾಡಬೇಕು.

ಬಾಯಿಬಿಟ್ಟು ಕೇಳಿದ್ರೆ ನಾವೇ ತಲೆಗೆ ಹುಳ ಬಿಟ್ಟಂಗೆ ಆಗಲ್ವಾ?

ತರಬೇತಿಗೆ ಬರುವ ಪ್ರತಿಯೊಂದು ತಂಡವೂ ಈ ಪ್ರಶ್ನೆಯನ್ನು ಕೇಳುತ್ತದೆ, ಕೇಳಬೇಕಾದದ್ದೂ ಹೌದು. ಈ ಬಗ್ಗೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳು ಒಂದೇ ಮಾತು ಹೇಳುತ್ತವೆ: ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೆಚ್ಚುವುದೂ ಇಲ್ಲ. ಹುಳ ಆಗಲೇ ಒಳಗಿರುತ್ತದೆ. ಅದನ್ನು ಹೇಳಿಕೊಳ್ಳಲು ಯಾರೂ ಸಿಕ್ಕಿರುವುದಿಲ್ಲ, ಅಷ್ಟೆ.

ಆದರೆ ಕೇಳುವ ಬಗೆ ಮುಖ್ಯ. ನಮ್ಮ ಕಡೆ ಈ ವಿಷಯ ಎತ್ತುವಾಗ ಎಲ್ಲರೂ ಮಾತನ್ನು ಮುಚ್ಚಿ ಆಡುತ್ತೇವೆ: "ಏನಾದ್ರೂ ಹೆಚ್ಚುಕಮ್ಮಿ ಮಾಡ್ಕೊಂಡ್ಬಿಟ್ರೆ", "ಅಂಥದ್ದೇನೂ ಮಾಡ್ಕೊಳಲ್ಲ ತಾನೆ?" ಈ ಎರಡನೆಯ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. 'ಇಲ್ಲ' ಎನ್ನುವ ಉತ್ತರವನ್ನು ಅದೇ ಬೇಡುತ್ತಿದೆ. ಎದುರಿಗಿದ್ದವರು ನಿಮ್ಮ ಮುಖ ನೋಡಿ ನಿಮಗೆ ಬೇಕಾದ ಉತ್ತರವನ್ನೇ ಕೊಟ್ಟು ಸುಮ್ಮನಾಗುತ್ತಾರೆ. ಬದಲಿಗೆ ಅಭ್ಯಾಸದಲ್ಲಿ ನಾವು ಹೀಗೆ ಹೇಳಿಸುತ್ತೇವೆ: "ಅಣ್ಣಾ, ಇಷ್ಟು ಕಷ್ಟ ಒಟ್ಟಿಗೆ ಬಂದಾಗ ಕೆಲವರಿಗೆ ಬದುಕೇ ಬೇಡ ಅನ್ನಿಸುತ್ತೆ. ನಿಮಗೆ ಸಾಯ್ಬೇಕು ಅನ್ನೋ ಯೋಚನೆ ಬಂದಿದೆಯಾ?" ಮೊದಲ ವಾಕ್ಯ ನಾಚಿಕೆಯನ್ನು ಇಳಿಸುತ್ತದೆ, ಎರಡನೆಯದು ಸುತ್ತಿಬಳಸದೆ ಕೇಳುತ್ತದೆ. 'ಸಾಯ್ಬೇಕು' ಎಂಬ ಪದ ಬಾಯಿಂದ ಸಲೀಸಾಗಿ ಹೊರಡಲು ಹೆಚ್ಚಿನವರಿಗೆ ಐದಾರು ಸಲದ ಅಭ್ಯಾಸ ಬೇಕಾಗುತ್ತದೆ. ಕೇಳಿದ ಮೇಲೆ ಸುಮ್ಮನಿರಬೇಕು. ಆ ಮೌನ ಎಷ್ಟೇ ಉದ್ದವಾದರೂ ಅದನ್ನು ನೀವು ತುಂಬಬಾರದು.

ಪೇಪರಲ್ಲಿ 'ಆತ್ಮಹತ್ಯೆಗೆ ಶರಣು' ಅಂತ ಬರೀತಾರೆ. ನಾವೇನಂತ ಹೇಳ್ಬೇಕು?

ಶರಣು ಎಂಬುದು ನಮ್ಮ ನಾಡಿನಲ್ಲಿ ಭಕ್ತಿಯ ಮಾತು. ದೇವರಿಗೆ, ಗುರುವಿಗೆ ಸಲ್ಲುವ ಪದವನ್ನು ಸಾವಿನ ಜೊತೆ ಜೋಡಿಸಿದಾಗ ಅಲ್ಲಿ ಆಸರೆ ಸಿಕ್ಕಿತೆಂಬ ಧ್ವನಿ ಹೊರಡುತ್ತದೆ. ಇದು ನನ್ನ ಬಲವಾದ ಅಭಿಪ್ರಾಯ. 'ಆತ್ಮಹತ್ಯೆಯಿಂದ ತೀರಿಕೊಂಡರು' ಎಂದರೆ ಸಾಕು. ಬದುಕಿ ಉಳಿದವರ ಬಗ್ಗೆ 'ವಿಫಲ ಯತ್ನ' ಎನ್ನಬಾರದು, ಬದುಕಿದ್ದು ಸೋಲಲ್ಲ. 'ಹೇಡಿ' ಎಂಬ ಪದವಂತೂ ಬೇಡವೇ ಬೇಡ; ಅದನ್ನು ಕೇಳಿಸಿಕೊಂಡ ಇನ್ನೊಬ್ಬ ನೊಂದವನು ನಿಮ್ಮ ಬಳಿ ಬಾಯಿಬಿಡುವುದಿಲ್ಲ.

## ತರಬೇತಿಯ ಬಗ್ಗೆ

ತರಬೇತಿ ಅಂದ್ರೆ ಏನ್ ಕಲಿಸ್ತಾರೆ? ಎಷ್ಟು ದಿನ ಹಿಡಿಯುತ್ತೆ?

ಊರಿನ ಜನರಿಗೆ ಕೊಡುವ ಮೊದಲ ಹಂತದ ತರಬೇತಿಯನ್ನು ಗೇಟ್‌ಕೀಪರ್ ತರಬೇತಿ ಎನ್ನುತ್ತಾರೆ. ಹೆಸರು ಕೇಳಿ ಹಳೇಬೀಡಿನ ಬಾಗಿಲಲ್ಲಿ ನಿಂತ ದ್ವಾರಪಾಲಕರನ್ನು ನೆನೆಯುವವರಿದ್ದಾರೆ. ಅವರು ತಡೆದು ನಿಲ್ಲಿಸುವವರು, ಇಲ್ಲಿಯ ಕೆಲಸ ಕೈಹಿಡಿದು ಒಳಗೆ ಕರೆದೊಯ್ಯುವುದು. ಕ್ಯೂಪಿಆರ್ ಎಂಬ ಹೆಸರಿನ, ಲೋಕದಲ್ಲೆಲ್ಲ ಬಳಕೆಯಲ್ಲಿರುವ ಒಂದು ಪದ್ಧತಿ ಒಂದೆರಡು ಗಂಟೆಗಳಲ್ಲಿ ಮೂರು ಹೆಜ್ಜೆ ಕಲಿಸುತ್ತದೆ: ಕೇಳು, ನೆರವು ಪಡೆಯಲು ಒಪ್ಪಿಸು, ನೆರವು ಸಿಗುವಲ್ಲಿಗೆ ಕಳುಹಿಸು. ಅಸಿಸ್ಟ್ ಎಂಬ ಇನ್ನೊಂದು ಕಾರ್ಯಾಗಾರಕ್ಕೆ ಎರಡು ಪೂರ್ಣ ದಿನ ಬೇಕು. ಸಹಾಯವಾಣಿಯಲ್ಲಿ ಕೂತು ಕರೆ ತೆಗೆದುಕೊಳ್ಳುವವರ ತರಬೇತಿ ವಾರಗಟ್ಟಲೆ ನಡೆಯುತ್ತದೆ, ನಂತರವೂ ಅನುಭವಿಗಳ ಮೇಲ್ವಿಚಾರಣೆ ಇರುತ್ತದೆ. 1953ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಸಮಾರಿಟನ್ಸ್ ಸಹಾಯವಾಣಿಯಾಗಲಿ, 1986ರಲ್ಲಿ ಚೆನ್ನೈನಲ್ಲಿ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ ಕಟ್ಟಿದ ಸ್ನೇಹಾ ಆಗಲಿ ಹೀಗೆ ತರಬೇತಾದ ಸಾಮಾನ್ಯ ಜನರ ಬಲದಿಂದಲೇ ನಡೆದುಬಂದಿವೆ.

ಯಾವ ತರಬೇತಿಗೇ ಹೋಗಿ, ಒಂದು ವಿಷಯ ಮೊದಲೇ ಕೇಳಿಕೊಳ್ಳಿ: ಅಲ್ಲಿ ಇಬ್ಬಿಬ್ಬರು ಎದುರುಬದುರು ಕೂತು ಮಾತಾಡಿ ನೋಡುವ ಅಭ್ಯಾಸ ಇದೆಯೇ? ಬರೀ ಭಾಷಣ, ಸ್ಲೈಡು, ಊಟ, ಪ್ರಮಾಣಪತ್ರ ಇಷ್ಟೇ ಆದರೆ ಮಾಹಿತಿ ಸಿಗುತ್ತದೆ, ನಾಲಿಗೆ ಪಳಗುವುದಿಲ್ಲ. ಕಲಿತದ್ದು ಆರು ತಿಂಗಳಲ್ಲಿ ಮಸುಕಾಗುವುದರಿಂದ ಮತ್ತೆ ಸೇರಿ ಅಭ್ಯಾಸ ಮಾಡುವ ಏರ್ಪಾಡೂ ಬೇಕು.

ಹಾಸನದಲ್ಲಿ, ಚಿಕ್ಕಮಗಳೂರಲ್ಲಿ ಯಾರನ್ನ ಹೋಗಿ ಕೇಳ್ಬೇಕು?

ಮೊದಲು ನಿಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಕಾಣಿ. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಈ ಕಾರ್ಯಕ್ರಮದ ಬೇರು ನಮ್ಮ ರಾಜ್ಯದಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟು ನೋಡಿತು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಹಾಸನದಲ್ಲಿ ಹಿಮ್ಸ್ ವೈದ್ಯಕೀಯ ಸಂಸ್ಥೆ, ಚಿಕ್ಕಮಗಳೂರಿನಲ್ಲಿ 2022ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಇವೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಯೋಜನೆಯಡಿ ಮಂಗಳವಾರ ಮನೋವೈದ್ಯರನ್ನು ಕಾಣುವ ವ್ಯವಸ್ಥೆ ರೂಢಿಯಲ್ಲಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ನೀವೇ ಹೋಗಿ ಕೇಳಿ ಬರೆದಿಟ್ಟುಕೊಳ್ಳಿ. ಕೊಪ್ಪದಿಂದಲೋ ಕಳಸದಿಂದಲೋ ಒಬ್ಬರನ್ನು ಬಸ್ಸು ಹತ್ತಿಸಿ ಕರೆತಂದ ಮೇಲೆ "ಡಾಕ್ಟ್ರು ಇವತ್ತಿಲ್ಲ" ಎಂದರೆ ಅವರು ಎರಡನೇ ಸಲ ಬರುವುದಿಲ್ಲ.

ನಮ್ಮನೇಲೇ ಒಬ್ರು ಹೀಗೆ ಹೋಗಿದ್ದಾರೆ. ನಾನು ಸೇರಬಹುದಾ?

ಸೇರಬಹುದು, ಆದರೆ ಆತುರ ಬೇಡ. ನೋವು ಹಸಿಯಾಗಿರುವಾಗ ಇನ್ನೊಬ್ಬರ ಮನೆಬಾಗಿಲಿಗೆ ಹೋದರೆ ಅಲ್ಲಿ ನಿಮಗೆ ನಿಮ್ಮ ಮನೆಯೇ ಕಾಣುತ್ತದೆ. ಕನಿಷ್ಠ ಒಂದು ವರ್ಷ ಕಳೆಯಲಿ, ಮೊದಲ ತಿಥಿ ಮುಗಿಯಲಿ ಎನ್ನುವುದು ನಾವು ಪಾಲಿಸುವ ವಾಡಿಕೆ. ಸ್ವತಃ ಒಮ್ಮೆ ಪ್ರಯತ್ನಿಸಿ ಉಳಿದವರಿಗೂ ಬಾಗಿಲು ತೆರೆದಿದೆ; ಅವರು ತಮ್ಮ ವೈದ್ಯರ ಜೊತೆ ಮಾತಾಡಿ ಬರಲಿ. "ನನಗೂ ಹಾಗಾಗಿತ್ತು" ಎಂಬ ಅವರ ಒಂದು ಮಾತಿಗೆ ನಮ್ಮಂಥವರ ನೂರು ಮಾತು ಸಮವಲ್ಲ.

## ಮನೆಬಾಗಿಲಿಗೆ ಹೋದಾಗ

ಹೋಗಿ ಕೂತ್ಕೊಂಡ್ಮೇಲೆ ಏನ್ ಮಾತಾಡೋದು?

ಕಡಿಮೆ. ಅರಕಲಗೂಡು ಕಡೆಯ ಒಂದು ಮನೆಗೆ ನಾನು ಮೊದಲ ಸಲ ಹೋದದ್ದನ್ನು ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಆಲೂಗಡ್ಡೆ ಕೈಕೊಟ್ಟ ವರ್ಷ. ಜಗಲಿಯ ಮೇಲೆ ಕೂತು ಅರ್ಧ ಗಂಟೆ ಧೈರ್ಯ ಹೇಳಿದೆ. ಹೆಂಡತಿ ಮಕ್ಕಳ ಮುಖ ನೋಡಿ ಎಂದೆ, ಮುಂದಿನ ಬೆಳೆ ಇದೆ ಎಂದೆ, ನಮ್ಮಜ್ಜನ ಕಾಲದ ಬರದ ಕಥೆಯನ್ನೂ ಹೇಳಿದೆ. ಆ ಮನುಷ್ಯ ಪ್ರತಿಯೊಂದಕ್ಕೂ "ಹೂಂ" ಎಂದರು. ಅವರಮ್ಮ ತಂದಿಟ್ಟ ಕಾಫಿ ಅವರ ಮುಂದೆ ಕೆನೆ ಕಟ್ಟಿತು. ಮಾತೆಲ್ಲ ನನ್ನದೇ ಆಗಿತ್ತೆಂದು ಬಸ್ಸಿನಲ್ಲಿ ಕೂತಾಗ ಹೊಳೆಯಿತು.

ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ಹಿತ್ತಿಲಲ್ಲಿ ರಾಶಿಯಿಂದ ಕೊಳೆತ ಗೆಡ್ಡೆ ಆರಿಸಿ ಬೇರೆ ಹಾಕುತ್ತಿದ್ದರು. ನಾನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಆರಿಸತೊಡಗಿದೆ, ಮಾತಾಡಲಿಲ್ಲ. ಒಂದು ಬುಟ್ಟಿ ತುಂಬಿದ ಮೇಲೆ ಅವರೇ ಹೇಳಿದರು: "ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ. ಆಮೇಲೆ ಬೆಳಗಾಗೋ ತನಕ ಬರೀ ಲೆಕ್ಕ." ಏನು ಲೆಕ್ಕ ಎಂದೆ. ಅಲ್ಲಿಂದ ಮಾತು ಬಂತು. ಮುಕ್ಕಾಲು ಗಂಟೆಯ ನಂತರ ನಾನು ಕೇಳಬೇಕಾದ ಪ್ರಶ್ನೆಯನ್ನು ಕೇಳಿದೆ, ಅವರು "ಹೌದು" ಎಂದರು. ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದೆವು.

ನೀವು ಹೇಳಬಹುದಾದ ಮಾತುಗಳು ಬಹಳ ಚಿಕ್ಕವು: "ಆಮೇಲೆ?", "ಅದು ಯಾವಾಗಿಂದ?", "ತುಂಬಾ ಕಷ್ಟ ಆಗಿರ್ಬೇಕು". "ನಿಮಗಿಂತ ಕಷ್ಟದಲ್ಲಿ ಇರೋರಿಲ್ವಾ" ಎಂಬ ಹೋಲಿಕೆ, "ದೇವರು ಕೊಟ್ಟ ಜೀವ" ಎಂಬ ಉಪದೇಶ, ಮಕ್ಕಳ ಮೇಲೆ ಆಣೆ ಹಾಕಿಸುವುದು ಇವೆಲ್ಲ ಬೇಡ. ಆಣೆ ಹಾಕಿಸಿಕೊಂಡವರು ಮುಂದೆ ಯೋಚನೆ ಬಂದಾಗ ಹೇಳಿಕೊಳ್ಳಲೂ ಅಂಜುತ್ತಾರೆ.

'ಯಾರಿಗೂ ಹೇಳ್ಬೇಡಿ' ಅಂತ ಮೊದಲೇ ಮಾತು ತಗೊಂಡ್ರೆ?

ಆ ಮಾತು ಕೊಡಬೇಡಿ. "ನೀವು ಹೇಳಿದ್ದು ಊರಿನಲ್ಲಿ ಯಾರ ಕಿವಿಗೂ ಬೀಳಲ್ಲ. ಆದ್ರೆ ನಿಮ್ಮ ಜೀವಕ್ಕೆ ಅಪಾಯ ಅನ್ನಿಸಿದ್ರೆ ನಾನು ಸುಮ್ನಿರಲ್ಲ, ಯಾರಿಗೆ ಹೇಳ್ಬೇಕು ಅಂತ ಇಬ್ರೂ ಕೂತು ಯೋಚಿಸೋಣ" ಎಂದು ಮೊದಲೇ ಹೇಳಿಬಿಡಿ. ಸಣ್ಣ ಊರುಗಳಲ್ಲಿ ಮಾನವೇ ಎಲ್ಲಕ್ಕಿಂತ ದೊಡ್ಡ ಭಯ. ನೀವು ಹೋದ ಮನೆಯ ಸುದ್ದಿ ನಿಮ್ಮ ಸ್ವಂತ ಮನೆಯ ಊಟದ ಹೊತ್ತಿನ ಮಾತಿಗೂ ಬರಕೂಡದು, ಸಂಘದ ವಾಟ್ಸಾಪ್ ಗುಂಪಿಗಂತೂ ಹೆಸರಿಲ್ಲದೆಯೂ ಬರಕೂಡದು.

ಈಗಲೇ ಅಪಾಯ ಅನ್ನಿಸಿದ್ರೆ? ನಮ್ಮ ಕಡೆ ನೆಟ್‌ವರ್ಕೇ ಸಿಗಲ್ಲ.

ಒಬ್ಬರನ್ನೇ ಬಿಟ್ಟು ಹೊರಡಬಾರದು, ಇದು ಮೊದಲ ನಿಯಮ. ಕೈಗೆಟಕುವಲ್ಲಿ ಅಪಾಯಕಾರಿ ವಸ್ತು ಇದ್ದರೆ ಜಗಳವಿಲ್ಲದೆ ದೂರ ಸರಿಸಿ. ನೀವು ಜೊತೆಗೆ ಕೂತು, ಇನ್ನೊಬ್ಬರನ್ನು ಸಿಗ್ನಲ್ ಸಿಗುವ ದಿಣ್ಣೆಗೆ ಕಳುಹಿಸಿ. ಮೂಡಿಗೆರೆ, ಶೃಂಗೇರಿ, ಸಕಲೇಶಪುರದ ಒಳಭಾಗಗಳಲ್ಲಿ ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟುತ್ತದೆ, ಆಂಬುಲೆನ್ಸ್ ಬರುವುದು ತಡವಾಗುತ್ತದೆ. ಆದ್ದರಿಂದ ರಾತ್ರಿ ಹೊತ್ತಿನಲ್ಲೂ ಬರುವ ಜೀಪಿನವರು ಯಾರು, ಹತ್ತಿರದ ಲ್ಯಾಂಡ್‌ಲೈನ್ ಅಥವಾ ವೈಫೈ ಯಾರ ಮನೆಯಲ್ಲಿದೆ, ದಿನದ 24 ಗಂಟೆ ತೆರೆದಿರುವ ಆಸ್ಪತ್ರೆ ಯಾವುದು ಎಂಬುದನ್ನು ಮಳೆ ಹಿಡಿಯುವ ಮೊದಲೇ ಗುರುತು ಮಾಡಿಕೊಳ್ಳಿ.

ಏನಾದರೂ ಸೇವಿಸಿಬಿಟ್ಟಿದ್ದಾರೆಂದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ನಾಟಿ ಉಪಾಯಕ್ಕೆ ಕೈಹಾಕಬೇಡಿ. ವಾಂತಿ ಶ್ವಾಸಕೋಶಕ್ಕೆ ಇಳಿದು ಹೆಚ್ಚು ಹಾನಿಯಾಗಬಹುದು. ಡಬ್ಬಿಯನ್ನೋ ಮಾತ್ರೆಯ ಹಾಳೆಯನ್ನೋ ಜೊತೆಗೆ ತೆಗೆದುಕೊಂಡು ನೇರವಾಗಿ ಆಸ್ಪತ್ರೆಗೆ ಹೊರಡಿ. "ಈಗ ಚೆನ್ನಾಗೇ ಮಾತಾಡ್ತಾ ಇದಾನೆ" ಎಂದು ಬೆಳಗಿನವರೆಗೆ ಕಾಯುವುದೂ ಬೇಡ.

ತೋಟಕ್ಕೆ ಹೊಡೆಯೋ ಔಷಧಿನ ಮನೇಲಿಡದೆ ಎಲ್ಲಿಡೋದು?

ನಾವು ಅದನ್ನು ಔಷಧಿ ಎಂದೇ ಕರೆಯುತ್ತೇವೆ. ಮಂಚದ ಕೆಳಗೆ, ಅಟ್ಟದ ಮೇಲೆ, ಕೆಲವೊಮ್ಮೆ ಅಡುಗೆಮನೆಯ ಗೂಡಿನಲ್ಲಿ ಇಡುತ್ತೇವೆ. ಆತ್ಮಹತ್ಯೆಯ ನಿರ್ಧಾರ ಬಹಳ ಸಲ ಕೆಲವೇ ನಿಮಿಷಗಳ ಆವೇಗದಲ್ಲಿ ಆಗುವಂಥದ್ದು. ಆ ನಿಮಿಷಗಳಲ್ಲಿ ಅಪಾಯ ಕೈಗೆ ಸಿಗದಿದ್ದರೆ ಅನೇಕರು ಬದುಕುತ್ತಾರೆ, ಬೇರೆ ದಾರಿ ಹುಡುಕಿಕೊಂಡು ಹೊರಡುವವರು ಕಡಿಮೆ. ಇದಕ್ಕೆ ಅತಿ ದೊಡ್ಡ ಸಾಕ್ಷಿ ಶ್ರೀಲಂಕಾ. ಅಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ನಂತರ, 1995ರಿಂದ 2015ರ ನಡುವೆ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು, ಉಳಿದ ಜೀವಗಳು ಸುಮಾರು 93,000 ಎಂದು ಅಂದಾಜು.

ಕೀಟನಾಶಕ ಇಡುವ ಪೆಟ್ಟಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮನೆಮನೆಗೆ ಬೀಗದ ಪೆಟ್ಟಿಗೆ ಹಂಚಿದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ಅದೇ ಶ್ರೀಲಂಕಾದ 180 ಹಳ್ಳಿಗಳಲ್ಲಿ ನಡೆದ, 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಹಾಗೆ ಹಂಚಿದ್ದರಿಂದ ಪ್ರಯೋಜನ ಕಾಣಲಿಲ್ಲ. ಪೆಟ್ಟಿಗೆಯೂ ಬೀಗದ ಕೈಯೂ ಮನೆಯಲ್ಲೇ ಇದ್ದವಲ್ಲ! ತಮಿಳುನಾಡಿನಲ್ಲಿ ಲಕ್ಷ್ಮಿ ವಿಜಯಕುಮಾರ್ ಅವರ ತಂಡ ಎರಡು ಹಳ್ಳಿಗಳಲ್ಲಿ ಬೇರೆ ದಾರಿ ಹಿಡಿಯಿತು. ಊರಿಗೆ ಒಂದು ಸಾಮೂಹಿಕ ಕೊಠಡಿ, ಪ್ರತಿ ರೈತನಿಗೆ ಅಲ್ಲೊಂದು ಲಾಕರ್, ಕೊಠಡಿಗೆ ಒಬ್ಬ ಉಸ್ತುವಾರಿ. ಅಲ್ಲಿ ಆಶಾದಾಯಕ ಫಲ ಸಿಕ್ಕಿತು, ಆದರೆ ಅದು ಸಣ್ಣ ಪ್ರಯೋಗ. ನಮ್ಮಲ್ಲಿ ಸಹಕಾರ ಸಂಘದ ಗೋದಾಮಿನಲ್ಲೋ ತೋಟದ ಸ್ಟೋರಿನಲ್ಲೋ ಇಂಥ ಏರ್ಪಾಡು ಮಾಡುವುದು ಕಷ್ಟವೇನಲ್ಲ. ಬೇಕಾದಷ್ಟೇ ಕೊಳ್ಳುವುದು, ಉಳಿದದ್ದನ್ನು ಮನೆಗೆ ತಾರದಿರುವುದು ಅದಕ್ಕಿಂತ ಸುಲಭ. ಮನೆಯಲ್ಲಿ ಒಬ್ಬರು ಅಪಾಯದಲ್ಲಿದ್ದಾರೆಂದು ಗೊತ್ತಾದ ದಿನವಂತೂ ಅದು ಬೇರೊಂದು ಮನೆಗೆ ಹೋಗಲೇಬೇಕು.

ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಪೊಲೀಸ್ ಕೇಸಾಗುತ್ತೆ ಅಂತ ಹೆದರ್ತಾರೆ.

ಈ ಭಯದಿಂದ ಜೀವ ಹೋದ ಸಂದರ್ಭಗಳಿವೆ, ಆದ್ದರಿಂದ ಕಾನೂನನ್ನು ಸ್ಪಷ್ಟವಾಗಿ ತಿಳಿದಿರಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 115ನೇ ಕಲಮಿನಂತೆ ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ; ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ. ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರರನ್ನು ಕರ್ತವ್ಯದಿಂದ ತಡೆಯಲು ಅಥವಾ ಒತ್ತಾಯಿಸಲು ಆತ್ಮಹತ್ಯೆಗೆ ಪ್ರಯತ್ನಿಸಿದರೆ ಮಾತ್ರ ಅದರ 226ನೇ ಕಲಂ ಅನ್ವಯಿಸುತ್ತದೆ. ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಎಂದು ಬರೆದು ಪೊಲೀಸರಿಗೆ ತಿಳಿಸುತ್ತಾರೆ, ಹೇಳಿಕೆ ಪಡೆಯಲು ಒಬ್ಬರು ಬರಬಹುದು. ಅದು ದಾಖಲೆಯ ಕ್ರಮ.

ಸಂಘದ ಸಾಲದವರು ಮನೆ ಮುಂದೆ ಬಂದು ಕೂರ್ತಾರೆ. ಬರೀ ಮಾತು ಕೇಳಿಸ್ಕೊಂಡ್ರೆ ಏನ್ ಬಂತು?

ನ್ಯಾಯವಾದ ಪ್ರಶ್ನೆ. ಕಷ್ಟ ಹೊರಗಿನದಾಗಿದ್ದಾಗ ಮನಸ್ಸಿಗೆ ಮಾತ್ರ ಮದ್ದು ಹಚ್ಚುವುದು ಸಾಲದು. ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾಗಿದೆ. ದೂರು ಕೊಡಲು ಠಾಣೆಗೆ ಜೊತೆಯಲ್ಲಿ ಹೋಗುವುದೂ ಸ್ವಯಂಸೇವೆಯೇ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿಗೆ 15100, ಹಿಂಸೆಗೊಳಗಾದ ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098, ಆನ್‌ಲೈನ್ ಹಣದ ವಂಚನೆಗೆ 1930. ಈ ಸಂಖ್ಯೆಗಳು ನಿಮ್ಮ ಫೋನಿನಲ್ಲಿರಲಿ. ನಿಮ್ಮ ಜೇಬಿನಿಂದ ಸಾಲ ತೀರಿಸಲು ಮಾತ್ರ ಹೋಗಬೇಡಿ. ಹಣದ ಸಂಬಂಧ ಬಂದ ಮೇಲೆ ಅವರು ನಿಮ್ಮೆದುರು ಮನಸ್ಸು ಬಿಚ್ಚುವುದಿಲ್ಲ.

ರಿಸಲ್ಟ್ ಬರೋ ದಿನ ಏನ್ ಮಾಡ್ಬೇಕು?

ಹಿಂದಿನ ದಿನವೇ ಮನೆಯವರ ಬಾಯಲ್ಲಿ ಒಂದು ಮಾತು ಹೇಳಿಸಿ: "ಏನೇ ಬಂದ್ರೂ ಮಧ್ಯಾಹ್ನ ಎಲ್ರೂ ಒಟ್ಟಿಗೆ ಊಟ ಮಾಡೋಣ." ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆಯೆಂದು ಮಗುವಿಗೂ ಅಪ್ಪ ಅಮ್ಮನಿಗೂ ಮೊದಲೇ ತಿಳಿದಿರಬೇಕು. ಆ ದಿನ ಮಗು ಒಂಟಿಯಾಗಿರಬಾರದು. ಪಾಸಾದರೂ ಅಂದುಕೊಂಡಷ್ಟು ಅಂಕ ಬಾರದ ಜಾಣ ಮಕ್ಕಳನ್ನು ಯಾರೂ ಗಮನಿಸುವುದಿಲ್ಲ, ಅವರನ್ನು ನೀವು ಗಮನಿಸಿ.

## ಕೆಲಸ ಶುರುಮಾಡಿದವರು ಕೇಳುವವು

ಆಸ್ಪತ್ರೆಯಿಂದ ಬಂದಾಯ್ತು, ಈಗ ಚೆನ್ನಾಗಿದ್ದಾರೆ. ಮತ್ತೆ ಮತ್ತೆ ಹೋಗಿ ನೆನಪು ಮಾಡ್ಬೇಕಾ?

ಹೋಗಬೇಕು. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ನಂಬುವುದು ಇದನ್ನೇ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳೇ ಅತ್ಯಂತ ಅಪಾಯದವು. ಅದೇ ಹೊತ್ತಿಗೆ ನೋಡಲು ಬರುವ ನೆಂಟರೂ ಕಡಿಮೆಯಾಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿದಂತೆ ಐದು ದೇಶಗಳ ಐದು ಕಡೆ 1,867 ಮಂದಿಯ ಮೇಲೆ ಅಧ್ಯಯನ ನಡೆಸಿ 2008ರಲ್ಲಿ ಪ್ರಕಟಿಸಿತು. ಪ್ರಯತ್ನಿಸಿ ಬದುಕಿದವರ ಒಂದು ಗುಂಪಿಗೆ ಆಸ್ಪತ್ರೆ ಬಿಡುವ ಮೊದಲು ಸುಮಾರು ಒಂದು ಗಂಟೆ ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನಿನಲ್ಲೋ ಖುದ್ದಾಗಿಯೋ ಸಂಪರ್ಕ. ಮಾಡಿದ್ದು ಇಷ್ಟೇ. ಆ ಗುಂಪಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಶೇ. 0.2, ಎಂದಿನ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ ಶೇ. 2.2.

ಹೋದಾಗ ಹಳೆಯದನ್ನು ಕೆದಕಬೇಕಿಲ್ಲ, "ಈ ವಾರ ನಿದ್ದೆ ಹೇಗಿದೆ?" ಎಂದರೆ ಸಾಕು. ಮೊದಲ ಭೇಟಿಗಳಲ್ಲೇ ಜೊತೆಗೆ ಕೂತು ಒಂದು ಹಾಳೆಯ ಸುರಕ್ಷಾ ಯೋಜನೆ ಬರೆಸಿ. ನೀವು ಬರೆಯಬೇಡಿ, ಅವರ ಕೈಯಲ್ಲೇ ಬರೆಸಿ. ಮನಸ್ಸು ಕೆಡುತ್ತಿದೆಯೆಂದು ತನಗೆ ಹೇಗೆ ಗೊತ್ತಾಗುತ್ತದೆ, ಆಗ ತಾನೊಬ್ಬನೇ ಏನು ಮಾಡಬಹುದು, ಎಲ್ಲಿಗೆ ಹೋದರೆ ಮನಸ್ಸು ಬೇರೆಡೆ ತಿರುಗುತ್ತದೆ, ಯಾರ ಬಳಿ ಬಾಯಿಬಿಡಬಹುದು, ಯಾವ ವೈದ್ಯರು, ಯಾವ ಸಹಾಯವಾಣಿ, ಮನೆಯಿಂದ ಏನನ್ನು ತೆಗೆಸಬೇಕು. ಒಬ್ಬರು ತಮ್ಮ ಹಾಳೆಯಲ್ಲಿ "ಸಂಜೆ ಹಾಲು ಹಾಕಲು ಮಗನನ್ನು ಕಳಿಸದೆ ನಾನೇ ಡೇರಿಗೆ ಹೋಗುವುದು" ಎಂದು ಬರೆದಿದ್ದರು. ಅಂಥ ಸಾಲು ನಮಗೆ ಹೊಳೆಯುವಂಥದ್ದಲ್ಲ. ಆ ಹಾಳೆಯನ್ನು ಅವರು ಮೊಬೈಲ್ ಕವರಿನ ಹಿಂದೆ ಮಡಿಚಿಟ್ಟುಕೊಂಡಿದ್ದಾರೆ.

ಎಸ್ಟೇಟ್ ಲೈನ್ ಮನೆಗಳಲ್ಲಿ ಇರೋರಿಗೆ ಕನ್ನಡ ಬರಲ್ಲ. ಹೆಂಗೆ ತಲುಪೋದು?

ಟೆಲಿ ಮಾನಸ್ 20 ಭಾಷೆಗಳಲ್ಲಿ ಸಿಗುತ್ತದೆ, ತಮಿಳು, ಹಿಂದಿ, ಅಸ್ಸಾಮಿ, ಬಂಗಾಳಿ ಎಲ್ಲವೂ ಇವೆ. ಆ ಸಂಖ್ಯೆಯನ್ನು ಅವರವರ ಲಿಪಿಯಲ್ಲಿ ಬರೆದು ಲೈನಿನ ನಲ್ಲಿಯ ಬಳಿ ಅಂಟಿಸಿ. ಮೇಸ್ತ್ರಿಯನ್ನು ದುಭಾಷಿಯಾಗಿ ಬಳಸಬೇಡಿ. ಹಾಜರಿ ಹಾಕುವ, ಮುಂಗಡದ ಲೆಕ್ಕ ಇಡುವ ಮನುಷ್ಯನೆದುರು ಯಾರೂ ಮನಸ್ಸು ಬಿಚ್ಚುವುದಿಲ್ಲ. ಅದೇ ಲೈನಿನಲ್ಲಿರುವ, ಎರಡೂ ಭಾಷೆ ಬಲ್ಲ ಒಬ್ಬ ಹೆಂಗಸು, ಒಬ್ಬ ಗಂಡಸಿಗೆ ತರಬೇತಿ ಕೊಡುವುದು ಸರಿಯಾದ ದಾರಿ.

ಕಾಲೇಜಲ್ಲಿ ಒಂದು ಸಾವಾಗಿದೆ. ಮೇಣದ ಬತ್ತಿ ಹಚ್ಚಿ ದೊಡ್ಡ ಕಾರ್ಯಕ್ರಮ ಮಾಡೋಣ ಅಂತಿದ್ದಾರೆ.

ಉದ್ದೇಶ ಒಳ್ಳೆಯದು, ಆದರೆ ಹಾಗೆ ಮಾಡಬೇಡಿ ಎಂದು ವಿನಂತಿಸಿಕೊಳ್ಳಿ. ಆಳೆತ್ತರದ ಫ್ಲೆಕ್ಸು, ಹಾಡು, ಭಾಷಣ ಎಲ್ಲ ಸೇರಿ ಸಾವಿಗೆ ಒಂದು ಪ್ರಭೆ ಕಟ್ಟುತ್ತವೆ. ಆಗಲೇ ಕುಗ್ಗಿರುವ ಇನ್ನೊಂದು ಮಗು ಅದನ್ನು ಬೇರೆಯೇ ರೀತಿ ನೋಡುತ್ತದೆ. ತರಗತಿ ತರಗತಿಯಾಗಿ, ಚಿಕ್ಕ ಗುಂಪುಗಳಲ್ಲಿ, ಮಕ್ಕಳು ನಂಬುವ ಶಿಕ್ಷಕರು ಸುದ್ದಿಯನ್ನು ಸರಳವಾಗಿ ತಿಳಿಸಲಿ. ಹೇಗೆ, ಎಲ್ಲಿ ಎಂಬ ವಿವರ ಬೇಡ. ಆಪ್ತ ಗೆಳೆಯರನ್ನು, ಜಗಳವಾಡಿದ್ದವರನ್ನು, ಮೊದಲು ಕಂಡವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಬೇಕು. ಸ್ಥಳೀಯ ವರದಿಗಾರರಿಗೆ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಒಪ್ಪಿದ ಮಾರ್ಗಸೂಚಿಯನ್ನು ವಿನಯದಿಂದ ನೆನಪಿಸಿ: ವಿಧಾನ ಬರೆಯಬಾರದು, ಮುಖಪುಟದಲ್ಲಿ ಎದ್ದುಕಾಣುವಂತೆ ಹಾಕಬಾರದು, ಸಹಾಯವಾಣಿಯ ವಿವರ ಕೊಡಬೇಕು. ಕೇಳಿದರೆ ಒಪ್ಪುವ ವರದಿಗಾರರು ನಮ್ಮ ಜಿಲ್ಲೆಗಳಲ್ಲಿ ಇದ್ದಾರೆ.

ನಾನೇ ನೋಡ್ಕೊಳ್ತಿದ್ದೋರು ಹೋಗ್ಬಿಟ್ರೆ ನಾನ್ ಹೆಂಗ್ ತಡ್ಕೊಳ್ಳಿ?

ಈ ಕೆಲಸದಲ್ಲಿ ಬಹಳ ವರ್ಷ ಇದ್ದರೆ ಅಂಥ ದಿನ ಬರಬಹುದು, ಇದನ್ನು ತರಬೇತಿಯ ಮೊದಲ ದಿನವೇ ಹೇಳಬೇಕು. ನೀವು ಸರಿಯಾಗಿ ಕೇಳಿ, ಸರಿಯಾಗಿ ಜೊತೆಗಿದ್ದು, ಆಸ್ಪತ್ರೆಗೂ ಮುಟ್ಟಿಸಿದ ಮೇಲೂ ಅದು ಆಗಬಹುದು. ಅವರ ಬದುಕಿನಲ್ಲಿ ನಿಮ್ಮ ಕೈಗೆ ಸಿಕ್ಕದ್ದು ವಾರದ ಒಂದು ಗಂಟೆ, ಉಳಿದ ಗಂಟೆಗಳು ನಿಮ್ಮ ಕೈಯಲ್ಲಿ ಇರಲಿಲ್ಲ. ಆ ರಾತ್ರಿ ನಿಮ್ಮ ತಂಡದ ಒಬ್ಬರಿಗೆ ಫೋನ್ ಮಾಡಿ. ಮುಂದಿನ ಕೆಲವು ವಾರ ಹೊಸ ಮನೆಯ ಹೊಣೆ ತೆಗೆದುಕೊಳ್ಳಬೇಡಿ, ನಿದ್ದೆ ಬಾರದಿದ್ದರೆ ನೀವೂ ವೈದ್ಯರನ್ನು ಕಾಣಿ. 14416 ನಿಮಗೂ ಇರುವಂಥದ್ದೇ.

ಇನ್ನು ಆ ಮನೆಯವರು. ಹೀಗೆ ಒಬ್ಬರನ್ನು ಕಳೆದುಕೊಂಡ ಮನೆಯಲ್ಲಿ ಉಳಿದವರಿಗೂ ಅಪಾಯ ಹೆಚ್ಚಿರುತ್ತದೆ, ಊರೂ ಅವರನ್ನು ಸ್ವಲ್ಪ ದೂರವೇ ಇಡುತ್ತದೆ. ಹನ್ನೊಂದನೆಯ ದಿನದ ಕಾರ್ಯ ಮುಗಿದು, ಶಾಮಿಯಾನ ಬಿಚ್ಚಿ, ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ಆ ಮನೆಗೆ ಹೋಗಿ. ಒಬ್ಬರೇ ಹೋಗಬೇಡಿ, ತಂಡದ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ತೀರಿಕೊಂಡವರ ಹೆಸರು ಹಿಡಿದು ಮಾತಾಡಿ. ಆ ಹೆಸರನ್ನು ಬೇರೆ ಯಾರೂ ಅವರೆದುರು ಎತ್ತುತ್ತಿರುವುದಿಲ್ಲ. ಹೊರಡುವಾಗ ಮತ್ತೆ ಯಾವ ದಿನ ಬರುತ್ತೀರೆಂದು ಹೇಳಿ ಬನ್ನಿ, ಆ ದಿನ ತಪ್ಪದೆ ಹೋಗಿ.